ಬೋರ್ ಎಷ್ಟು ಅಡಿ ಅಂತ ಗೊತ್ತು, ನೀರು ಎಷ್ಟು ಅಡಿಗಿದೆ?

(ಬಸವನಗುಡಿ ಕಡೆಯ ಒಂದು ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ. ಜನ ಮಧ್ಯದಲ್ಲಿ ಕೇಳಿದ್ದನ್ನು ಕೇಳಿದ ಕಡೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯದೋ ಅಪಾರ್ಟ್‌ಮೆಂಟಿನದೋ ಬೋರ್‌ವೆಲ್ ಎಷ್ಟು ಅಡಿ ಇದೆ? ಹೇಳಿ, ನಾಚಿಕೆ ಬೇಡ.

"ನಾನೂರೈವತ್ತು." "ಎಂಟುನೂರು ಸರ್." "ನಮ್ಮದು ಸಾವಿರದ ಇನ್ನೂರು, ಅದೂ ಎರಡನೇ ಬೋರು."

ಸರಿ. ಈಗ ಎರಡನೇ ಪ್ರಶ್ನೆ. ಇವತ್ತು ಬೆಳಿಗ್ಗೆ ಮೋಟರ್ ಹಾಕುವ ಮುಂಚೆ, ಆ ಬೋರಿನೊಳಗೆ ನೀರು ಎಷ್ಟು ಅಡಿ ಕೆಳಗಿತ್ತು?

ನೋಡಿ, ಒಂದು ಕೈಯೂ ಏಳಲಿಲ್ಲ. ನಾನು ಈ ಪ್ರಶ್ನೆ ಕೇಳದ ಬಡಾವಣೆ ಇಲ್ಲ. ಎಲ್ಲ ಕಡೆಯೂ ಹೀಗೇ. ಅದಕ್ಕೆ ಕಾರಣವೂ ಇದೆ. ಬೋರ್ ಕೊರೆಸುವಾಗ ಅಡಿಗೆ ಇಷ್ಟು ಅಂತ ದುಡ್ಡು ಎಣಿಸಿರುತ್ತೀರಿ. ದುಡ್ಡು ಕೊಟ್ಟ ಲೆಕ್ಕ ಯಾರೂ ಮರೆಯುವುದಿಲ್ಲ. ನೀರಿನ ಮಟ್ಟಕ್ಕೆ ಬಿಲ್ ಬರುವುದಿಲ್ಲ, ಹಾಗಾಗಿ ಅದನ್ನು ಯಾರೂ ನೋಡುವುದೂ ಇಲ್ಲ.

ಸಾವಿರ ಅಡಿ ಬೋರ್ ಅಂದರೆ ನೀರು ಸಾವಿರ ಅಡಿಯಲ್ಲಿದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿರಬೇಕಿಲ್ಲ. 700 ಅಡಿಯಲ್ಲಿ ಬಂಡೆಯ ಒಂದು ಬಿರುಕು ಸಿಕ್ಕಿರಬಹುದು. ಅದರಲ್ಲಿದ್ದ ನೀರು ಒತ್ತಡದಲ್ಲಿತ್ತು ಅಂದರೆ ತೂತಿನೊಳಗೆ ಮೇಲೇರಿ 200 ಅಡಿಗೆ ಬಂದು ನಿಂತಿರಬಹುದು. ಆ 200 ನಿಮಗೆ ಬೇಕಾದ ಸಂಖ್ಯೆ. ಹೋದ ವರ್ಷ ಇದೇ ತಿಂಗಳು ಅದು 160 ಇತ್ತಾ, 200 ಇತ್ತಾ, 260 ಇತ್ತಾ? ಅದು ಗೊತ್ತಿದ್ದರೆ ಬರುವ ಏಪ್ರಿಲ್ ಹೇಗಿರುತ್ತೆ ಅಂತ ಡಿಸೆಂಬರಿನಲ್ಲೇ ಒಂದು ಅಂದಾಜು ಸಿಗುತ್ತೆ. ಗೊತ್ತಿಲ್ಲದಿದ್ದರೆ ಒಂದು ದಿನ ನಲ್ಲಿಯಲ್ಲಿ ಗಾಳಿ ಬಂದಾಗಲೇ ಗೊತ್ತಾಗುವುದು. 2024ರ ಬೇಸಿಗೆಯಲ್ಲಿ ನಗರಕ್ಕೆ ಆಗಿದ್ದು ಅದೇ. ಸರ್ಕಾರದ ಸುಮಾರು 13,900 ಬೋರ್‌ವೆಲ್‌ಗಳಲ್ಲಿ 6,900ರಷ್ಟು ಒಣಗಿವೆ ಅಂತ ಆ ಮಾರ್ಚಿನಲ್ಲಿ ಘೋಷಣೆಯಾಯಿತು. ಬೋರು ಅನ್ನುವುದು ಬಲ್ಬಿನ ಹಾಗೆ ಟಕ್ ಅಂತ ಆರಿಹೋಗುವ ವಸ್ತು ಅಲ್ಲ. ತಿಂಗಳುಗಟ್ಟಲೆ ಇಳಿದು ಇಳಿದು ಒಣಗುತ್ತೆ. ಇಳಿಯುವಾಗ ಬಹುತೇಕ ಕಡೆ ನೋಡುವವರು ಇರಲಿಲ್ಲ, ಅಷ್ಟೇ.

ನಮ್ಮ ಊರಿನ ನೆಲದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲಿಂದ ಲಾಲ್‌ಬಾಗ್ ನಡೆದು ಹೋಗುವಷ್ಟು ದೂರ. ಅಲ್ಲಿನ ಬಂಡೆ ಹತ್ತಿ ಕೂತು ಕಡಲೆಕಾಯಿ ತಿಂದವರೇ ನಾವೆಲ್ಲ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಕೂಡ ಇದೆ. ಆ ಬಂಡೆ, ಅಂದರೆ ನೈಸ್ (gneiss) ಅನ್ನುವ ಜಾತಿಯ ಕಲ್ಲು, ಊರಿನಡಿಯೆಲ್ಲ ಹರಡಿದೆ. ಅದರ ಮೇಲೆ ಕೊಳೆತ ಕಲ್ಲಿನ ಪದರ, ಅದರ ಮೇಲೆ ಕೆಮ್ಮಣ್ಣು. ಹಳೆಯ ತೆರೆದ ಬಾವಿಗಳೆಲ್ಲ ಆ ಕೊಳೆತ ಕಲ್ಲಿನ ಪದರದ ನೀರು ಕುಡಿದು ಬದುಕಿದವು. ಬೋರ್‌ವೆಲ್ ಅದನ್ನು ದಾಟಿ ಗಟ್ಟಿ ಬಂಡೆಯ ಬಿರುಕು ಹುಡುಕಿಕೊಂಡು ಹೋಗುತ್ತೆ.

ಗಂಗಾ ಬಯಲಿನ ಮರಳಿನ ಹಾಗೆ ನಮ್ಮ ಕಲ್ಲು ನೀರು ಹಿಡಿಯುವುದಿಲ್ಲ. ನೀರಿನ ಮಟ್ಟ ಒಂದು ಮೀಟರ್ ಏರಿತು ಅಂದಾಗ ನಿಜವಾಗಿ ಸೇರಿದ ನೀರು ಎಷ್ಟು? ನಮ್ಮಂಥ ಗಟ್ಟಿ ಕಲ್ಲಿನ ಸೀಮೆಯಲ್ಲಿ ಆ ಒಂದು ಮೀಟರಿನ ನೂರಕ್ಕೆ ಒಂದರಿಂದ ಮೂರು ಭಾಗ. ಎರಡು ಅಂತ ಇಟ್ಟುಕೊಳ್ಳಿ. ಒಂದು ಮೀಟರ್ ಏರಿಕೆ ಅಂದರೆ 20 ಮಿಲಿಮೀಟರ್ ನೀರು. ಒಂದು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 81 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಹದಿಮೂರೂವರೆ ಆಯಿತು, ಅಷ್ಟೇ. ಒಂದು ಎಕರೆಯಲ್ಲಿ ನಿಂತ ದೊಡ್ಡ ಅಪಾರ್ಟ್‌ಮೆಂಟಿಗೆ ಎರಡು ದಿನಕ್ಕೆ ಸಾಕಾದರೆ ಹೆಚ್ಚು.

ಹಾಗಾಗಿ ನಮ್ಮಲ್ಲಿ ಮಟ್ಟ ಬೇಗ ಏರುತ್ತೆ, ಬೇಗ ಇಳಿಯುತ್ತೆ. ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ಬಾವಿ ಅಳೆಯುತ್ತಾರೆ: ಜನವರಿ, ಮುಂಗಾರಿಗೆ ಮುಂಚೆ ಒಮ್ಮೆ, ಆಗಸ್ಟ್, ನವೆಂಬರ್. ದಶಕಗಳಿಂದ ಅಳೆಯುತ್ತಿದ್ದಾರೆ. ಅದರ ಬೆಲೆ ದೊಡ್ಡದು, ನಾನು ಅದನ್ನು ಎಲ್ಲೂ ಹಗುರ ಮಾಡುವುದಿಲ್ಲ. ಇಡೀ ದೇಶದ ಚಿತ್ರಕ್ಕೆ ಅದು ಸಾಕು. ತೆಗೆದ ನೀರು ಇಂಗಿದ ನೀರಿಗಿಂತ ಜಾಸ್ತಿ ಆದರೆ, ಅಂದರೆ ನೂರಕ್ಕೆ ನೂರು ದಾಟಿದರೆ, ಅದನ್ನು ಅತಿಬಳಕೆಯ ಪ್ರದೇಶ ಅಂತ ಕರೆಯುತ್ತಾರೆ. ಬೆಂಗಳೂರು ಆ ಪಟ್ಟಿಯಲ್ಲೇ ಇದೆ. ಆದರೆ ನಿಮ್ಮ ಮೂರನೇ ಅಡ್ಡರಸ್ತೆಯಲ್ಲಿ ಫೆಬ್ರವರಿ ಎರಡನೇ ವಾರ ಏನಾಯಿತು ಅಂತ ಅದು ಹೇಳುವುದಿಲ್ಲ. ಹೇಳಬೇಕು ಅಂತಲೂ ಅಲ್ಲ. ಆ ಕೆಲಸ ನಮ್ಮದು.

ಈಗ ಅಳೆಯುವುದು ಹೇಗೆ ಅಂತ ತೋರಿಸುತ್ತೇನೆ. ಇಲ್ಲಿದೆ ನೋಡಿ ಸಾಮಾನು. ಒಂದು ಸ್ಟೀಲ್ ಟೇಪು. ತುದಿಗೆ ತೂಕಕ್ಕೆ ಒಂದು ಬೋಲ್ಟು. ಇದು ಸೀಮೆಸುಣ್ಣ, ಸ್ಕೂಲಿನದೇ. ಟೇಪಿನ ಕೊನೆಯ ಎರಡು ಮೀಟರಿಗೆ ಸೀಮೆಸುಣ್ಣ ಬಳಿಯಿರಿ. ಬಾವಿಗೆ ಬಿಡಿ. ಹದಿನೈದು ಮೀಟರಿನ ಗುರುತು ಕೇಸಿಂಗ್ ಪೈಪಿನ, ಅಂದರೆ ತೂತಿಗೆ ಇಳಿಸಿದ ಹೊರ ಪೈಪಿನ, ಬಾಯಿಗೆ ಸರಿಯಾಗಿ ಬಂದಾಗ ನಿಲ್ಲಿಸಿ. ಎಳೆಯಿರಿ. ಒದ್ದೆಯಾದ ಕಡೆ ಸೀಮೆಸುಣ್ಣ ಕಪ್ಪಗಾಗಿರುತ್ತೆ, ಗೆರೆ ಕೊರೆದ ಹಾಗೆ ಕಾಣುತ್ತೆ. ಆ ಗೆರೆ 1.35ರಲ್ಲಿದ್ದರೆ, 15ರಲ್ಲಿ ಅದನ್ನು ಕಳೆದರೆ 13.65. ಕೇಸಿಂಗ್ ನೆಲದಿಂದ 40 ಸೆಂಟಿಮೀಟರ್ ಮೇಲಿದೆ, ಅದನ್ನೂ ಕಳೆಯಿರಿ. 13.25. ನೆಲದಿಂದ ನೀರಿಗೆ ಹದಿಮೂರು ಕಾಲು ಮೀಟರ್. ಆಯಿತು, ಇಷ್ಟೇ ವಿದ್ಯೆ.

ಆಳದ ಬೋರಿಗೆ ಇದು ಆಗುವುದಿಲ್ಲ. ಪಂಪಿನ ಕೇಬಲ್ಲು, ಹಗ್ಗ, ಪೈಪು ಎಲ್ಲದಕ್ಕೂ ಸಿಕ್ಕಿಕೊಳ್ಳುತ್ತೆ. ನಾನು ಒಂದು ಟೇಪನ್ನು ಹಾಗೆ ಭೂಮಿತಾಯಿಗೆ ಅರ್ಪಿಸಿದ್ದೇನೆ. ಅದಕ್ಕೆ ಎರಡು ತಂತಿಯ ಇನ್ನೊಂದು ಟೇಪು ಬರುತ್ತೆ, ನೀರು ಮುಟ್ಟಿದರೆ ಬಝರ್ ಕೂಗುತ್ತೆ. ಒಂದು ಉಪಾಯ ಹೇಳುತ್ತೇನೆ, ಬರೆದುಕೊಳ್ಳಿ. ಮುಂದಿನ ಸಲ ರಿಪೇರಿಗೆ ಅಂತ ಮೋಟರ್ ಎತ್ತಿಸಿದಾಗ, ವಾಪಸ್ ಇಳಿಸುವಾಗ ಜೊತೆಗೇ ಮುಕ್ಕಾಲು ಇಂಚಿನ ಒಂದು ಖಾಲಿ ಪೈಪು ಇಳಿಸಲು ಹೇಳಿ. ಅಳತೆಯ ಟೇಪು ಅದರೊಳಗೆ ಹೋಗುತ್ತೆ, ಎಲ್ಲೂ ಸಿಕ್ಕುವುದಿಲ್ಲ. ಆಮೇಲೆ ಹಾಕಿಸುತ್ತೇನೆ ಅಂದರೆ ಮತ್ತೆ ಮೋಟರ್ ಎತ್ತಬೇಕು, ಅದರ ಖರ್ಚು ನಿಮಗೇ ಗೊತ್ತು. ಇನ್ನೊಂದು ಮಾತು. ಟೇಪನ್ನು ಬ್ಲೀಚಿಂಗ್ ನೀರಿನಲ್ಲಿ ಒರೆಸಿ ಬಿಡಿ. ಒಬ್ಬರ ಬಾವಿಯ ಕೊಳೆ ಇನ್ನೊಬ್ಬರ ಬಾವಿಗೆ ಹಂಚಬಾರದು.

ಇಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಕೈ ಎತ್ತಿದರು. ಮೊದಲ ಪ್ರಶ್ನೆಗೆ ಕೈ ಎತ್ತಿರಲಿಲ್ಲ.

"ಅಲ್ಲಪ್ಪಾ, ನೀನು ಬೋರ್ ಅಂತ ಕೇಳಿದೆ, ನಮ್ಮನೇಲಿ ಬೋರಿಲ್ಲ. ಬಾವಿ ಇದೆ. ಮಳೆಗಾಲದಲ್ಲಿ ಐದು ಮಾರು ಹಗ್ಗ ಸಾಕಾಗೋದು. ಶಿವರಾತ್ರಿ ಕಳೆದ ಮೇಲೆ ಎಂಟು ಮಾರು ಬೇಕಾಗೋದು. ಹಗ್ಗಕ್ಕೆ ಗಂಟು ಹಾಕಿದ್ದೆ. ಆರನೇ ಗಂಟು ರಾಟೆ ದಾಟಿದ್ರೆ ಬಟ್ಟೆ ಒಗೆಯೋದು ದಿನ ಬಿಟ್ಟು ದಿನ."

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ನೋಡಿ, ನಾನು ಇಷ್ಟು ಹೊತ್ತು ಹೇಳಬೇಕು ಅಂತಿದ್ದದ್ದು ಅದನ್ನೇ. ಅಜ್ಜಿ, ನೀವು ಬಳಸಿದ್ದು ಒಂದೇ ಬಾವಿ, ಒಂದೇ ಹಗ್ಗ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸೇದಿದಿರಿ. ಗಂಟು ಎಲ್ಲಿ ಬಂದರೆ ಏನು ಮಾಡಬೇಕು ಅಂತಲೂ ಇಟ್ಟುಕೊಂಡಿದ್ದಿರಿ. ಇವತ್ತು ಡಿಜಿಟಲ್ ಯಂತ್ರ ಬಾವಿಗಿಳಿಸಿ ತಾಸಿಗೊಂದು ಅಳತೆ ಫೋನಿಗೆ ಬರುವ ಹಾಗೆ ಮಾಡಬಹುದು. ಆದರೆ ಅಳತೆ ಬಂದ ಮೇಲೆ ಬಟ್ಟೆ ಯಾವಾಗ ಒಗೆಯಬೇಕು ಅಂತ ತೀರ್ಮಾನ ಮಾಡದ ಸಂಘಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಳೆಯದೂ ಹಾಗೇ. ನಮ್ಮ ಹಿರಿಯರು ಹುಬ್ಬೆ ಮಳೆ, ಉತ್ತರೆ ಮಳೆ, ಹಸ್ತ, ಚಿತ್ತೆ, ಸ್ವಾತಿ ಅಂತ ಲೆಕ್ಕ ಇಡುತ್ತಿದ್ದರು. ಒಂದೊಂದು ನಕ್ಷತ್ರ ಹದಿಮೂರು, ಹದಿನಾಲ್ಕು ದಿನ. ಹೋದ ವರ್ಷ ಉತ್ತರೆ ಹೊಯ್ದಿತ್ತು, ಈ ವರ್ಷ ಕೈಕೊಟ್ಟಿತು ಅಂದರೆ ಅದು ಎರಡು ವರ್ಷದ ಒಂದೇ ಹದಿನಾಲ್ಕು ದಿನಗಳ ಹೋಲಿಕೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಜಾಸ್ತಿ ಬೀಳುವುದು ಸೆಪ್ಟೆಂಬರ್ ಸುತ್ತ, ಈ ಹುಬ್ಬೆ, ಉತ್ತರೆ, ಹಸ್ತದ ಹೊತ್ತಿನಲ್ಲಿ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಬಾವಿಯ ಪುಸ್ತಕದ ಪಕ್ಕದಲ್ಲಿ ಮಳೆಯ ಲೆಕ್ಕ ಇಡಿ. ಎಷ್ಟು ಮಳೆಗೆ ಎಷ್ಟು ದಿನ ಕಳೆದು ಬಾವಿ ಏರುತ್ತೆ ಅಂತ ಎರಡು ವರ್ಷದಲ್ಲಿ ನಿಮಗೇ ತಿಳಿಯುತ್ತೆ.

ಈಗ ನನ್ನದೇ ಮುಖಭಂಗದ ಒಂದು ಕಥೆ. ಹಳೇ ಬಡಾವಣೆಯೊಂದರಲ್ಲಿ ನಾವು ಕೆಲವರು ಏಳೆಂಟು ಬಾವಿ ವಾರಕ್ಕೊಮ್ಮೆ ಅಳೆಯುತ್ತಿದ್ದೆವು. ಬೇಸಿಗೆ ಬಂತು, ಎಲ್ಲ ಬಾವಿ ಇಳಿದವು. ಒಂದು ಬಾವಿ ಮಾತ್ರ ಇಳಿಯಲಿಲ್ಲ. ಏಪ್ರಿಲಿನಲ್ಲಿ ಸ್ವಲ್ಪ ಏರಿತು ಕೂಡ. ಆ ಮನೆಯಲ್ಲಿ ನಾವು ಹಿಂದಿನ ವರ್ಷ ಇಂಗುಗುಂಡಿ ಮಾಡಿಸಿದ್ದೆವು. ಕೇಳಬೇಕಾ? ಎರಡು ಕಡೆ ಭಾಷಣ ಮಾಡಿದೆ. ಗ್ರಾಫ್ ತೋರಿಸಿದೆ. ಒಬ್ಬರು ಶಾಲು ಹೊದಿಸಿದರು.

ನಮ್ಮ ಗುಂಪಿನ ಹುಡುಗಿಯೊಬ್ಬಳಿಗೆ ಮಾತ್ರ ಅನುಮಾನ. ಅವಳು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶ ಅಂದಾಜು ಮಾಡುವ ಮೀಟರ್, ತಂದು ಎಲ್ಲ ಬಾವಿಗೂ ಅದ್ದಿದಳು. ಬೇರೆ ಬಾವಿಗಳಲ್ಲಿ 800, 900. ಈ ಬಾವಿಯಲ್ಲಿ 250. "ಸರ್, ಇದು ನೆಲದ ನೀರಲ್ಲ" ಅಂದಳು. ಜೂನಿನಲ್ಲಿ ಬೇರೆ ಯಾವುದೋ ಕೆಲಸಕ್ಕೆ ರಸ್ತೆ ಅಗೆದರು. ಮನೆ ಮುಂದೆಯೇ ನಲ್ಲಿ ನೀರಿನ ಪೈಪಿನ ಜಾಯಿಂಟ್ ಸೋರುತ್ತಿತ್ತು. ಸರಿಮಾಡಿದ ಮೂರು ವಾರಕ್ಕೆ ಬಾವಿ ಎರಡು ಮೀಟರ್ ಇಳಿಯಿತು. ಕಾವೇರಿ ನೀರು ಟಿ.ಕೆ. ಹಳ್ಳಿಯ ಪಂಪ್‌ಹೌಸಿನಿಂದ ನೂರು ಕಿಲೋಮೀಟರ್ ಸಾಗಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬಂದು, ಕೊನೆಗೆ ನನ್ನ ಇಂಗುಗುಂಡಿಗೆ ಕೀರ್ತಿ ತಂದಿತ್ತು. ಶಾಲು ಇನ್ನೂ ಬೀರುವಿನಲ್ಲಿದೆ.

ಅಂದಿನಿಂದ ಬರೀ ಮಟ್ಟ ಅಳೆಯುವುದು ಬಿಟ್ಟಿದ್ದೇವೆ. ಮಟ್ಟದ ಜೊತೆಗೆ ಟಿಡಿಎಸ್, ನೀರಿನ ಬಿಸಿ, ಪಂಪ್ ಓಡಿ ಎಷ್ಟು ಹೊತ್ತಾಯಿತು, ಪಕ್ಕದ ಮನೆಯ ಪಂಪ್ ಓಡುತ್ತಿದೆಯಾ, ಇದೆಲ್ಲ ಬರೆಯುತ್ತೇವೆ. ಪಕ್ಕದ ಪಂಪ್ ಬಹಳ ಮುಖ್ಯ. ಒಂದೇ ಬಿರುಕಿನಿಂದ ಇಬ್ಬರೂ ಎಳೆಯುತ್ತಿದ್ದರೆ ಅವರು ಸ್ಟಾರ್ಟರ್ ಒತ್ತಿದ ಅರ್ಧ ಗಂಟೆಗೆ ನಿಮ್ಮ ಬೋರ್ ಇಳಿಯುತ್ತೆ. ಬೆಳಿಗ್ಗೆ ಐದೂವರೆಯ ಅಳತೆ, ಹತ್ತು ಗಂಟೆಯ ಅಳತೆ ಹೋಲಿಸಿ "ನೀರು ಇಳಿಯಿತು" ಅಂದರೆ ಅರ್ಥವಿಲ್ಲ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ: "ಸರ್, ನಮ್ಮ ಬೋರಿನಲ್ಲಿ ಎರಡು ಇಂಚು ನೀರು ಬಂತು ಅಂದ್ರು. ಅದು ಪೈಪಿನ ಅಳತೆಯಾ?"

ಒಳ್ಳೇ ಪ್ರಶ್ನೆ. ಪೈಪಿನದಲ್ಲ. ಬೋರ್ ಕೊರೆಯುವವರು ಹೊರಗೆ ಬಂದ ನೀರನ್ನು ವಿ ಆಕಾರದ ಕಚ್ಚು ಇರುವ ಹಲಗೆಯ ಮೇಲೆ ಹರಿಸುತ್ತಾರೆ. ಆ ಕಚ್ಚಿನಲ್ಲಿ ನೀರು ಎಷ್ಟು ಇಂಚು ಎತ್ತರಕ್ಕೆ ನಿಂತಿತು ಅನ್ನುವುದು ಈ ಇಂಚು. ಕಚ್ಚು ಮೇಲೆ ಹೋದಷ್ಟೂ ಅಗಲ. ಹಾಗಾಗಿ ಎರಡು ಇಂಚು ಅಂದರೆ ತಾಸಿಗೆ ಸುಮಾರು 2,900 ಲೀಟರ್. ನಾಲ್ಕು ಇಂಚು ಅಂದರೆ ಅದರ ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತ ಜಾಸ್ತಿ, 16 ಸಾವಿರ ಲೀಟರಿನ ಹತ್ತಿರ. ಎರಡು ಇಂಚಿನ ಎರಡು ಬೋರು ಸೇರಿ ನಾಲ್ಕು ಇಂಚು ಅಂತ ಲೆಕ್ಕ ಹಾಕಿ ಮೋಸಹೋದ ಅಪಾರ್ಟ್‌ಮೆಂಟುಗಳಿವೆ. ಇನ್ನೊಂದು. ಅದು ಕೊರೆದ ದಿನದ ನೀರು. ಆರು ತಿಂಗಳ ಮೇಲಿನ ಮಾತು ಬೇರೆ.

ಈಗ ಹೊಳೆಗೆ ಬರೋಣ. ಬೆಂಗಳೂರಿಗೆ ಹೊಳೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸ್ವಲ್ಪ ತಡೆಯಿರಿ. ನಾವು ಕೂತಿರುವುದು ಏಣಿನ ಮೇಲೆ, ಅಂದರೆ ಎರಡೂ ಕಡೆಗೆ ನೀರು ಇಳಿಯುವ ದಿಬ್ಬದ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಲ್ಲಿನ ದೊಡ್ಡ ಬಸವಣ್ಣನ ಗುಡಿಯ ಹತ್ತಿರವೇ ವೃಷಭಾವತಿಯ ಮೂಲ ಅಂತ ಹೇಳುತ್ತಾರೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ. ಬೆಟ್ಟದ ಮೇಲಿನ ಊರಿಗೆ ದೊಡ್ಡ ನದಿ ಎಲ್ಲಿಂದ ಬರಬೇಕು? ಅದಕ್ಕೇ ಕೆರೆ ಕಟ್ಟಿದರು. ಒಂದರ ಕೋಡಿ ಹರಿದು ಇನ್ನೊಂದಕ್ಕೆ. ಆ ಕೋಡಿ ಹರಿಯುವ ದಾರಿಯೇ ರಾಜಕಾಲುವೆ. ನಾವು ಅದನ್ನು ಮೋರಿ ಅಂತ ಕರೆದು ಮೂಗು ಮುಚ್ಚಿಕೊಂಡೆವು.

ಬಿಳಿಗುಂಡ್ಲು ಅಂದರೆ ಕರ್ನಾಟಕದಲ್ಲಿ ಯಾರಿಗೆ ಗೊತ್ತಿಲ್ಲ? ಕಾವೇರಿಯಲ್ಲಿ ಅಲ್ಲಿ ಎಷ್ಟು ಕ್ಯುಸೆಕ್ ದಾಟಿತು ಅಂತ ಪೇಪರಿನ ಮುಖಪುಟದಲ್ಲಿ ಬರುತ್ತೆ. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಂತ ಪಾಯಿಂಟ್ ಹಾಕಿ ಹೇಳಿತು. ನಮ್ಮ ಮನೆ ಹಿಂದಿನ ಕಾಲುವೆಯಲ್ಲಿ ದಿನಕ್ಕೆ ಎಷ್ಟು ಹರಿಯುತ್ತೆ ಅಂತ ಕೇಳಿದರೆ "ವಾಸನೆ ಜಾಸ್ತಿ ಸರ್" ಅನ್ನುತ್ತಾರೆ. ಕೆಲವು ಕಡೆ ಪ್ರವಾಹದ ಎಚ್ಚರಿಕೆಗೆ ಅಂತ ಸೆನ್ಸರ್ ಇಟ್ಟಿದ್ದಾರೆ. ಅವು ನೀರಿನ ಎತ್ತರ ಹೇಳುತ್ತವೆ. ಎತ್ತರ ಗೊತ್ತಾದರೆ ಹರಿವು ಗೊತ್ತಾದಂತಲ್ಲ.

ಹರಿವು ಅಳೆಯಲು ಒಂದು ಕಿತ್ತಳೆ ಹಣ್ಣು ಸಾಕು. ನಗಬೇಡಿ. ಕಿತ್ತಳೆ ಮುಕ್ಕಾಲು ಮುಳುಗಿ ತೇಲುತ್ತೆ, ಗಾಳಿಗೆ ಅಷ್ಟಾಗಿ ಅಲ್ಲಾಡುವುದಿಲ್ಲ, ದೂರದಿಂದ ಕಾಣುತ್ತೆ. ಕಾಲುವೆ ನೇರವಾಗಿರುವ ಕಡೆ ದಂಡೆಯ ಮೇಲೆ ಹತ್ತು ಮೀಟರ್ ಗುರುತು ಹಾಕಿ. ಸೇತುವೆ ಮೇಲಿಂದ ಹಣ್ಣು ಬಿಡಿ. 25 ಸೆಕೆಂಡಿಗೆ ದಾಟಿತು ಅನ್ನೋಣ. ಸೆಕೆಂಡಿಗೆ 0.4 ಮೀಟರ್. ಮೇಲಿನ ನೀರು ಬೇಗ ಓಡುತ್ತೆ, ತಳದ್ದು ನಿಧಾನ, ಅದಕ್ಕೆ 0.85ರಿಂದ ಗುಣಿಸಿ. 0.34 ಆಯಿತು. ಅಗಲ ಮೂರು ಮೀಟರ್, ಆಳ 20 ಸೆಂಟಿಮೀಟರ್. ಗುಣಿಸಿದರೆ ಸೆಕೆಂಡಿಗೆ 204 ಲೀಟರ್. ಇಡೀ ದಿನ ಹೀಗೇ ಹರಿದರೆ ಒಂದೂ ಮುಕ್ಕಾಲು ಕೋಟಿ ಲೀಟರ್. ಚಿಕ್ಕ ಕಾಲುವೆ ಇದು. ದಯವಿಟ್ಟು ಯಾರೂ ಕಾಲುವೆಗೆ ಇಳಿಯಬೇಡಿ. ಆಳವನ್ನು ಮೇಲಿಂದಲೇ ಉದ್ದದ ಕೋಲಿನಲ್ಲಿ ನೋಡಿ. ಮೋಡ ಕಟ್ಟಿದ್ದರೆ ಹತ್ತಿರವೂ ಹೋಗಬೇಡಿ, ನೀರು ನೋಡನೋಡುತ್ತಾ ಏರುತ್ತೆ.

ಆದರೆ ಇಡೀ ದಿನ ಹೀಗೇ ಹರಿಯುವುದಿಲ್ಲ ಅನ್ನುವುದೇ ಸ್ವಾರಸ್ಯ. ಒಂದು ಭಾನುವಾರ ನಾವು ಪಾಳಿ ಹಾಕಿಕೊಂಡು ತಾಸಿಗೊಂದು ಕಿತ್ತಳೆ ಬಿಟ್ಟೆವು. ಬೆಳಗಿನ ಜಾವ ಮೂರಕ್ಕೆ ಬಹಳ ಕಡಿಮೆ. ಏಳಕ್ಕೆ ಏರತೊಡಗಿತು. ಒಂಬತ್ತೂವರೆಗೆ ಉಬ್ಬರ. ಊರೆಲ್ಲ ಸ್ನಾನ ಮಾಡಿ, ಪಾತ್ರೆ ತೊಳೆದು, ಬಟ್ಟೆ ಒಗೆದ ನೀರು ಅಷ್ಟು ಹೊತ್ತಿಗೆ ಅಲ್ಲಿಗೆ ತಲುಪುತ್ತೆ. ಮಳೆಯಿಲ್ಲದ ದಿನ ನಮ್ಮ ಹೊಳೆಯ ಮೂಲ ನಮ್ಮ ಬಚ್ಚಲುಮನೆ. ಬೇಕಾದರೆ ನಾಳೆ ಹೋಗಿ ನೋಡಿ, ಸೋಮವಾರ ಇನ್ನೂ ಬೇಗ ಏರುತ್ತೆ.

ಈ ನೀರು ಈಗ ಬೇರೆ ಜಿಲ್ಲೆಗಳಿಗೂ ಹೋಗುತ್ತಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಲ್ಲಿ ಕೆರೆ ತುಂಬಿದವು, ಸುತ್ತಲಿನ ಬೋರ್‌ಗಳಲ್ಲಿ ನೀರು ಏರಿತು. ಬರದ ಸೀಮೆಯ ರೈತನಿಗೆ ಇದು ಸಣ್ಣ ಮಾತಲ್ಲ. ಗುಣಮಟ್ಟದ ಬಗ್ಗೆ ತಕರಾರು ಕೋರ್ಟ್‌ವರೆಗೆ ಹೋಯಿತು. ನನ್ನ ಅಭಿಪ್ರಾಯ ಕೇಳಿದರೆ, ಮಟ್ಟ ಅಳೆದವರು ಒಂದು ಕಡೆ, ಗುಣ ಅಳೆದವರು ಇನ್ನೊಂದು ಕಡೆ ನಿಂತು ಜಗಳವಾಡುವುದರಿಂದ ಪ್ರಯೋಜನವಿಲ್ಲ. ಒಂದೇ ಬೋರಿನಲ್ಲಿ, ಒಂದೇ ದಿನ, ಎರಡನ್ನೂ ಅಳೆದಿರಬೇಕು.

ಗುಣಮಟ್ಟ ಅಂದ ಕೂಡಲೇ ಜನ ಜೇಬಿನಿಂದ ಟಿಡಿಎಸ್ ಮೀಟರ್ ತೆಗೆಯುತ್ತಾರೆ. ಫಿಲ್ಟರ್ ಮಾರುವವರು ಅದನ್ನು ಮನೆಮನೆಗೆ ಪರಿಚಯ ಮಾಡಿಸಿಬಿಟ್ಟಿದ್ದಾರೆ. ಅದು ಕೆಟ್ಟ ಸಾಧನ ಅಲ್ಲ, ನನ್ನ ಶಾಲಿನ ಕಥೆಯಲ್ಲಿ ಅದೇ ಕೆಲಸಕ್ಕೆ ಬಂತು. ಆದರೆ ಅದು ಉಪ್ಪನ್ನು ಎಣಿಸುವುದೂ ಇಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತೆ ಅಂತ ನೋಡಿ ಉಪ್ಪಿನಂಶ ಅಂದಾಜು ಮಾಡುತ್ತೆ. ಕುಡಿಯುವ ನೀರಿಗೆ ಭಾರತದ ಮಾನದಂಡ ಲೀಟರಿಗೆ 500 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 2,000 ತನಕ. 300 ತೋರಿಸಿದ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇರಬಹುದು, ಮೀಟರಿಗೆ ಗೊತ್ತೇ ಆಗುವುದಿಲ್ಲ. ನೈಟ್ರೇಟ್ ಇನ್ನೊಂದು. ಒಳಚರಂಡಿ ಸೋರಿದ ಕಡೆ, ಶೌಚದ ಗುಂಡಿ ಇರುವ ಕಡೆ ಅದು ಬಾವಿಗೆ ಬರುತ್ತೆ. ಮಿತಿ 45 ಮಿಲಿಗ್ರಾಂ. ಬಣ್ಣ ಇಲ್ಲ, ರುಚಿ ಇಲ್ಲ. ಎಳೆ ಮಕ್ಕಳಿಗೆ ಅಪಾಯ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಶುದ್ಧ ಮಾಡಿದ ಬಾಟಲಿಯಲ್ಲಿ ಹಿಡಿದು, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಲ್ಯಾಬಿಗೆ ಕೊಡಬೇಕು. ಖಾಲಿ ಬಿಸ್ಲೇರಿ ಬಾಟಲಿಯಲ್ಲಿ ತುಂಬಿ ಸ್ಕೂಟರ್ ಡಿಕ್ಕಿಯಲ್ಲಿ ಎರಡು ದಿನ ಇಟ್ಟು ಕೊಟ್ಟರೆ ಲ್ಯಾಬಿನವರು ನಿಮ್ಮ ಸ್ಕೂಟರಿನ ಬಗ್ಗೆ ವರದಿ ಕೊಡುತ್ತಾರೆ.

ಕೆರೆಯ ನೀರಿನಲ್ಲಿ ಆಮ್ಲಜನಕ ನೋಡುವ ಒಂದು ಪರೀಕ್ಷೆ ಇದೆ. ಅದನ್ನು ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಊರಿನ ಆಗ್ನೇಯ ದಿಕ್ಕಿನ ಒಂದು ಕೆರೆ. ನೀರೆಲ್ಲ ಹಸಿರು ಪಾಚಿ. ಮಧ್ಯಾಹ್ನ ಮೂರಕ್ಕೆ ಗುಳ್ಳೆ ಸೇರದ ಹಾಗೆ ಗಾಜಿನ ಬಾಟಲಿ ತುಂಬಿಕೊಂಡೆವು. ಮ್ಯಾಂಗನೀಸ್ ಸಲ್ಫೇಟ್ ಎರಡು ಮಿಲಿ, ಕ್ಷಾರದ ಇನ್ನೊಂದು ದ್ರಾವಣ ಎರಡು ಮಿಲಿ. ಬಿರಡೆ ಹಾಕಿ ತಲೆಕೆಳಗು ಮಾಡಿದೆವು. ಬಾಟಲಿಯೊಳಗೆ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು ಮೋಡ ಎದ್ದಿತು. ಆಮ್ಲಜನಕ ಬೇಕಾದಷ್ಟಿದೆ ಅಂತ ಅರ್ಥ. ಮಾರನೇ ದಿನ ಬೆಳಗಿನ ಜಾವ ಐದೂವರೆಗೆ ಅದೇ ಜಾಗ, ಅದೇ ಬಾಟಲಿ, ಅದೇ ಎರಡು ಮಿಲಿ. ಅಲ್ಲಾಡಿಸಿದರೆ ಮಜ್ಜಿಗೆಯ ಹಾಗೆ ಬಿಳಿ. ಕಂದು ಬರಲೇ ಇಲ್ಲ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಟ್ಟಿತ್ತು, ರಾತ್ರಿಯೆಲ್ಲ ಅದೇ ಪಾಚಿ ಮತ್ತು ಕೊಳಚೆ ಸೇರಿ ಖಾಲಿ ಮಾಡಿದ್ದವು. ದಂಡೆಯಲ್ಲಿ ಮೀನುಗಳು ಬಾಯಿ ಮೇಲೆ ಮಾಡಿ ಗಾಳಿ ಗುಟುಕರಿಸುತ್ತಿದ್ದವು.

ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಬದುಕುವ ಡಿ ವರ್ಗದ ನೀರಿಗೆ ಲೀಟರಿಗೆ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಇ ವರ್ಗ ಅಂದರೆ ಗದ್ದೆಗೆ ಬಿಡಬಹುದು ಅಷ್ಟೇ. ನಮ್ಮ ಆ ಕೆರೆ ಮಧ್ಯಾಹ್ನ ಡಿ, ಬೆಳಗಿನ ಜಾವ ಇ. ಬೆಳಿಗ್ಗೆ ಹನ್ನೊಂದಕ್ಕೆ ತಿಂಡಿ ಮುಗಿಸಿ ಹೋಗಿ ಸ್ಯಾಂಪಲ್ ತಂದರೆ ಎರಡೂ ಕಾಣುವುದಿಲ್ಲ. ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಬೆಂಕಿ ಬಿದ್ದಾಗ ದೇಶವೆಲ್ಲ ಟಿವಿಯಲ್ಲಿ ನೋಡಿತು. ಬೆಳಗಿನ ಜಾವದ ಮೀನು ಟಿವಿಯಲ್ಲಿ ಬರುವುದಿಲ್ಲ. ಹಾಂ, ಇನ್ನೊಂದು ಸಣ್ಣ ವಿಷಯ. ನಮ್ಮ ಊರು ಎತ್ತರದಲ್ಲಿದೆ ಅಂದೆನಲ್ಲ, ಆ ಕಾರಣಕ್ಕೆ ಇಲ್ಲಿನ ಶುದ್ಧ ನೀರಿನಲ್ಲೂ ಆಮ್ಲಜನಕ ಕರಾವಳಿಗಿಂತ ಹತ್ತನೇ ಒಂದು ಭಾಗ ಕಡಿಮೆಯೇ ಕರಗುತ್ತೆ. ಮಂಗಳೂರಿನ ಕೆರೆಯ ಅಂಕಿ ತಂದು ಹೋಲಿಸುವ ಮುಂಚೆ ಇದು ನೆನಪಿರಲಿ.

ಇಷ್ಟೆಲ್ಲ ಅಳೆದ ಮೇಲೆ ಸೇರಿಸುವುದು ಹೇಗೆ? ಅಲ್ಲಿ ನಮಗೆ ಬಹಳ ತೊಂದರೆ ಆಯಿತು. ಮೊದಲ ವರ್ಷ ಕೆಲವರು ಅಡಿಯಲ್ಲಿ ಬರೆದರು, ಕೆಲವರು ಮೀಟರಿನಲ್ಲಿ. 42 ಅಂತ ಬರೆದಿದ್ದರೆ ಯಾವುದು? ಮ್ಯಾಪಿನಲ್ಲಿ ಜಯನಗರದ ನಡುವೆ ಒಂದು ದೊಡ್ಡ ಹಳ್ಳ ಕಂಡಿತು. ಎರಡು ದಿನ ತಲೆಕೆಡಿಸಿಕೊಂಡೆವು. ಅದು ಹಳ್ಳ ಅಲ್ಲ, ಒಬ್ಬರು ನಿವೃತ್ತ ಮೇಷ್ಟ್ರ ಅಡಿ. ಇನ್ನೊಂದು, ನೆಲದಿಂದ ಹತ್ತು ಮೀಟರ್ ಅಂದರೆ ಸಾಲದು, ಆ ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬೇಕು. ಏಣಿನ ಮೇಲಿನ ಬಸವನಗುಡಿಯ ಹತ್ತು ಮೀಟರ್, ಕಣಿವೆಯ ತಳದ ಬೆಳ್ಳಂದೂರಿನ ಹತ್ತು ಮೀಟರ್ ಒಂದೇ ಅಲ್ಲ. ನೀರು ಎತ್ತ ಹರಿಯುತ್ತಿದೆ ಅಂತ ತಿಳಿಯಬೇಕಾದರೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬೇಕು.

ವಾರ್ಡ್ ಲೆಕ್ಕದಲ್ಲಿ ಕೂಡಿಸಬೇಡಿ. 2007ರಲ್ಲಿ ಬಿಬಿಎಂಪಿ ಆಯಿತು, 2025ರಲ್ಲಿ ಅದು ಐದು ಪಾಲಿಕೆ ಆಯಿತು. ಪ್ರತಿ ಸಲ ಗಡಿ ಬದಲಾದಾಗ ಹಳೆಯ ಪಟ್ಟಿ ಕೆಲಸಕ್ಕೆ ಬಾರದೆ ಹೋಗುತ್ತೆ. ಕಣಿವೆ ಬದಲಾಗುವುದಿಲ್ಲ. ಯಾವ ಕೆರೆಯ ಕೋಡಿ ಯಾವ ಕೆರೆಗೆ ಅನ್ನುವ ಸರಪಳಿಯಲ್ಲಿ ಬರೆದಿಡಿ. ಅರ್ಕಾವತಿಯ ಕಡೆ ಅಳೆಯುವವರು ನಂದಿ ಬೆಟ್ಟದಿಂದ ಶುರುಮಾಡಲಿ, ನಾವು ಇಲ್ಲಿಂದ ವೃಷಭಾವತಿ ಹಿಡಿದು ಹೋಗುತ್ತೇವೆ. ಎಲ್ಲೋ ಒಂದು ಕಡೆ ಸಿಗೋಣ.

"ನಮ್ಮ ಬೋರಿನ ಲೆಕ್ಕ ಕೊಟ್ರೆ ನಾಳೆ ಟ್ಯಾಕ್ಸ್ ಹಾಕಲ್ವಾ ಸರ್?" ಇದು ಪ್ರತಿ ಸಭೆಯಲ್ಲೂ ಬರುವ ಪ್ರಶ್ನೆ. ಹೆದರಿಕೆ ಸುಮ್ನೆ ಬಂದದ್ದಲ್ಲ, ಒಪ್ಪುತ್ತೇನೆ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಬೋರ್ ನೋಂದಣಿ ಹೇಗೂ ಆಗಬೇಕು. ನಾವು ಮಾಡುವುದು ಇಷ್ಟು: ಮನೆ ನಂಬರ್, ಹೆಸರು ಹಾಕುವುದಿಲ್ಲ. ಬಾವಿಗೊಂದು ಗುರುತಿನ ಸಂಖ್ಯೆ, ಅಷ್ಟೇ. ಆದರೂ ಬೇಡ ಅಂದವರನ್ನು ಬಲವಂತ ಮಾಡಿಲ್ಲ. ಅವರ ಪಕ್ಕದ ಮನೆಯವರು ಕೊಟ್ಟರೆ ಅವರದ್ದೂ ಹೆಚ್ಚುಕಡಿಮೆ ಗೊತ್ತಾಗುತ್ತೆ ಅನ್ನುವುದು ಬೇರೆ ಮಾತು.

ಸಮಯ ಆಯಿತು ಅಂತ ಗ್ರಂಥಪಾಲಕರು ಗಡಿಯಾರ ತೋರಿಸಿದರು. ಅಲ್ಲಿಗೆ ಮಾತು ನಿಲ್ಲಿಸಿದೆ. ಮುಂದಿನದು ಭಾಷಣದಲ್ಲಿ ಇರಲಿಲ್ಲ, ಆದರೂ ಬರೆಯುತ್ತೇನೆ.

ಅಜ್ಜಿ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. "ಬಾರಪ್ಪಾ, ಎರಡು ರಸ್ತೆ ಆಚೆ ನಮ್ಮನೆ. ನಿನ್ನ ಟೇಪು ತಗೊಂಡು ಬಾ." ಹತ್ತು ಜನ ಹಿಂದೆ ಬಂದರು. ಹಿತ್ತಲಲ್ಲಿ ಬಾವಿ, ಮೇಲೆ ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ತುಳಸಿ ಕುಂಡ. ರಾಟೆ ಹಾಗೇ ಇತ್ತು, ಹಗ್ಗ ಇರಲಿಲ್ಲ. ಕುಂಡ ಸರಿಸಿದೆವು. ಟೇಪು ಒರೆಸಿ, ಸೀಮೆಸುಣ್ಣ ಬಳಿದು ಬಿಟ್ಟೆ. ಕಟ್ಟೆಯ ಎತ್ತರ ಕಳೆದ ಮೇಲೆ 11.20 ಮೀಟರ್. ಅಜ್ಜಿಯ ಎಂಟು ಮಾರಿನ ಲೆಕ್ಕ ಹಾಕಿದೆವು. ಕೈಯಲ್ಲಿ ಹಿಡಿದದ್ದು, ರಾಟೆಗೆ ಸುತ್ತಿದ್ದು ಒಂದೂವರೆ ಮಾರು ಬಿಟ್ಟರೆ ಆರೂವರೆ ಮಾರು, ಹನ್ನೆರಡು ಮೀಟರಿನ ಹತ್ತಿರ. ಅವರ ಕಾಲದ ಬೇಸಿಗೆಯ ಮಟ್ಟದಲ್ಲೇ ನೀರು ನಿಂತಿದೆ. ಬಾಟಲಿ ಇಳಿಸಿ ನೀರು ತೆಗೆದು ಮೀಟರ್ ಅದ್ದಿದೆವು. 1,140.

"ಆಗ ಇದೇ ನೀರಲ್ಲಿ ಬೇಳೆ ಬೇಯಿಸ್ತಿದ್ವಿ" ಅಂದರು ಅಜ್ಜಿ. ಬೆರಳಿಗೆ ತಗುಲಿದ್ದನ್ನು ನಾಲಿಗೆಗೆ ಇಟ್ಟುಕೊಳ್ಳಲು ಹೋದರು, ಸೊಸೆ ಕೈ ಹಿಡಿದುಕೊಂಡರು.

ಪುಸ್ತಕದಲ್ಲಿ ತಾರೀಖು, ಹೊತ್ತು, 11.20, 1,140 ಬರೆದೆ. ಮುಂದಿನ ಭಾನುವಾರ ಹನ್ನೊಂದಕ್ಕೆ ಬರುತ್ತೇನೆ ಅಂದೆ.

"ಹತ್ತೂವರೆಗೇ ಬಾ" ಅಂದರು ಅಜ್ಜಿ. "ಹನ್ನೊಂದಕ್ಕೆ ಪಕ್ಕದ ಮನೆಯವರು ಮೋಟರ್ ಹಾಕ್ತಾರೆ."